ಐ ಆದಮೇಲೆ ಜೆ ಎಲ್ಲಿ?

ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ಐ’ ಆದಮೇಲೆ ‘ಜೆ’ ಬರುತ್ತದೆಂದು ಒಂದನೇ ತರಗತಿಯ ಮಗುವಿಗೂ ಗೊತ್ತು. ಐಬಿಎಂನ ಮೇನ್‌ಫ್ರೇಮ್ ಯಂತ್ರಗಳಿಗೆ ಮಾತ್ರ ಇದು ಅಷ್ಟು ಸಲೀಸಲ್ಲ. ಅಲ್ಲಿ ದೊಡ್ಡಕ್ಷರ ‘ಐ’ನ ಸಂಖ್ಯೆ 201, ‘ಜೆ’ಯದು 209. ನಡುವೆ ಏಳು ಮನೆ ಖಾಲಿ. ‘ಆರ್’ ದಾಟಿದರೆ ‘ಎಸ್’ಗೆ ಮೊದಲು ಮತ್ತೆ ಎಂಟು ಮನೆ ಖಾಲಿ. ಈ ಖಾಲಿ ಮನೆಗಳ ದೆಸೆಯಿಂದ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪಟ್ಟ ಪಾಡಿನ ಕಥೆ ಇದು.

ಬಿ.ಕಾಂ. ಓದಿ ಸಿಎ ಮುಗಿಸಿ ಟೊರಾಂಟೊಗೆ ಬಂದ ನನಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅನೇಕ ಬ್ಯಾಂಕು, ವಿಮಾ ಕಂಪನಿಗಳ ಲೆಡ್ಜರುಗಳು ಇವತ್ತಿಗೂ ಇಂಥ ಯಂತ್ರಗಳಲ್ಲೇ ಇವೆ. ಒಂದೇ ಖಾತೆಪಟ್ಟಿಯನ್ನು ಅಲ್ಲೊಮ್ಮೆ, ನನ್ನ ಲ್ಯಾಪ್‌ಟಾಪಿನಲ್ಲೊಮ್ಮೆ ಜೋಡಿಸಿದರೆ ಒಟ್ಟು ಮೊತ್ತ ಪೈಸೆಗೆ ಪೈಸೆ ತಾಳೆಯಾಗುತ್ತದೆ, ಸಾಲು ಮಾತ್ರ ತಾಳೆಯಾಗುವುದಿಲ್ಲ. ನನ್ನಲ್ಲಿ ಅಂಕಿ ಮೊದಲು, ಅಕ್ಷರ ಆಮೇಲೆ. ಅಲ್ಲಿ ಅಕ್ಷರ ಮೊದಲು, ಅಂಕಿ ಕೊನೆಗೆ. ಆಡಿಟ್ ಮಾಡುವವನಿಗೆ ಸಾಲು ತಪ್ಪಿದ ಪಟ್ಟಿ ಎಂದರೆ ಕಾಲಿಗೆ ಚುಚ್ಚಿದ ಮುಳ್ಳು. ಕೀಳದೆ ಮುಂದೆ ಹೋಗಲಾಗದು.

ಮೂಲ ಇರುವುದು ರಟ್ಟಿನ ಕಾರ್ಡುಗಳಲ್ಲಿ. ತೂತು ಕೊರೆದ ಕಾರ್ಡಿನಲ್ಲಿ ಒಂದು ಅಕ್ಷರಕ್ಕೆ ಎರಡು ತೂತು: ಮೇಲಿನ ಮೂರು ಸಾಲುಗಳಲ್ಲೊಂದು, ಕೆಳಗಿನ ಅಂಕಿಗಳ ಸಾಲಿನಲ್ಲೊಂದು. ಮೊದಲ ಗುಂಪಿಗೆ ಒಂಬತ್ತು ಅಕ್ಷರ, ಎರಡನೆಯದಕ್ಕೂ ಒಂಬತ್ತು, ಉಳಿದ ಎಂಟು ಮೂರನೆಯದಕ್ಕೆ. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಯಂತ್ರಗಳನ್ನು ಪ್ರಕಟಿಸಿದಾಗ ಈ ಗುಂಪುಗಾರಿಕೆಯೇ ಎಬ್ಸಿಡಿಕ್ ಎಂಬ ಸಂಕೇತಪದ್ಧತಿಯೊಳಗೆ ಉಳಿದುಕೊಂಡಿತು. ಉಳಿದ ಕಂಪ್ಯೂಟರ್ ಲೋಕ ಹೆಚ್ಚುಕಡಿಮೆ ಆಸ್ಕಿಯ ದಾರಿ ಹಿಡಿಯಿತು. ಅದರಲ್ಲಿ 65ರಿಂದ 90ರವರೆಗೆ ಇಪ್ಪತ್ತಾರೂ ಅಕ್ಷರ ಒತ್ತೊತ್ತಾಗಿ ಕೂತಿವೆ. ಎಬ್ಸಿಡಿಕ್‌ನಲ್ಲಿ ಅವೇ ಇಪ್ಪತ್ತಾರು ಅಕ್ಷರಗಳಿಗೆ 193ರಿಂದ 233ರವರೆಗೆ ನಲವತ್ತೊಂದು ಮನೆ ಬೇಕು.

ಪರ್ಲ್ ಭಾಷೆಯನ್ನು ಲ್ಯಾರಿ ವಾಲ್ ಬಿಡುಗಡೆ ಮಾಡಿದ್ದು 1987ರ ಡಿಸೆಂಬರಿನಲ್ಲಿ. ಕಡತಗಳಿಂದ ಬೇಕಾದ್ದನ್ನು ಹೆಕ್ಕಿ ವರದಿ ತಯಾರಿಸುವುದು ಅದರ ಹುಟ್ಟುಕೆಲಸ. ನಮ್ಮ ಕಸುಬಿಗೆ ಇದಕ್ಕಿಂತ ಹತ್ತಿರದ ಭಾಷೆ ಇನ್ನೊಂದಿರಲಿಕ್ಕಿಲ್ಲ. ಅದರ ಇಂಟರ್‌ಪ್ರಿಟರನ್ನು ಬರೆದಿರುವುದು ಸಿ ಭಾಷೆಯಲ್ಲಿ. ಆದ್ದರಿಂದ ಪ್ರತಿ ಬಗೆಯ ಯಂತ್ರದಲ್ಲೂ ಅದನ್ನು ಹೊಸದಾಗಿ ಕಂಪೈಲ್ ಮಾಡಿ ಕಟ್ಟಬೇಕು. ಹಾಗೆ ಕಟ್ಟುವ ಮುನ್ನ ಕಾನ್ಫಿಗರ್ ಎಂಬ ಉದ್ದನೆಯ ಸ್ಕ್ರಿಪ್ಟ್ ಯಂತ್ರವನ್ನು ವಿಚಾರಿಸಿಕೊಳ್ಳುತ್ತದೆ. ಇದು ಒಳ್ಳೆಯ ಆಡಿಟರನ ಹಾಗೆ: ಯಂತ್ರ ತನ್ನ ಬಗ್ಗೆ ಹೇಳಿಕೊಂಡದ್ದನ್ನೆಲ್ಲ ನಂಬುವುದಿಲ್ಲ, ಪುಟ್ಟ ಪುಟ್ಟ ಸಿ ಪ್ರೋಗ್ರಾಮುಗಳನ್ನು ಅಲ್ಲೇ ಕಟ್ಟಿ ಓಡಿಸಿ ನೋಡುತ್ತದೆ. ಅಂಥ ಪ್ರಶ್ನೆಗಳಲ್ಲಿ ಒಂದು, ‘ಎಂ’ ಅಕ್ಷರದ ಬೆಲೆ 212 ಹೌದೋ ಅಲ್ಲವೋ ಎಂಬುದು. ಹೌದೆಂದರೆ ಅದು ಎಬ್ಸಿಡಿಕ್ ಯಂತ್ರ.

1990ರ ದಶಕದ ಕೊನೆಯ ಹೊತ್ತಿಗೆ ಪರ್ಲ್ ಮೇನ್‌ಫ್ರೇಮಿಗೂ ಬಂತು. ಮೂಲಪಠ್ಯದ ಪೊಟ್ಟಣ ಬಿಚ್ಚುವಾಗಲೇ ಅದನ್ನು ಒಂದು ಸಂಕೇತಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಕಂಪೈಲರಿಗೆ ಮೊದಲ ಸಾಲೂ ಅರ್ಥವಾಗದು. ಅದರ ಮೇಲೆ ಎಬ್ಸಿಡಿಕ್ ಎಂದರೆ ಒಂದೇ ಅಲ್ಲ, ಹಲವು ಪಾಠಾಂತರಗಳಿವೆ. 1047 ಎಂಬ ಪಟ್ಟಿಯಲ್ಲಿ ತೆರೆಯುವ ಚೌಕಾವರಣ 173ರಲ್ಲಿದ್ದರೆ 037 ಎಂಬುದರಲ್ಲಿ 186ರಲ್ಲಿ. ಹೆಜ್ಜೆಹೆಜ್ಜೆಗೂ ಚೌಕಾವರಣ ಬಳಸುವ ಭಾಷೆಗೆ ಇದು ತಲೆನೋವೇ.

ಆಮೇಲೆ ನಡೆದದ್ದು ನಿಧಾನದ ಸವಕಳಿ. ಪರ್ಲ್ ಬರೆಯುವ ಸ್ವಯಂಸೇವಕರ ಮನೆಯಲ್ಲಿ ಮೇನ್‌ಫ್ರೇಮ್ ಇರುವುದಿಲ್ಲ. ಹೊಸ ಸೌಲಭ್ಯ ಸೇರಿಸುವಾಗ ‘ಎ’ಯಿಂದ ‘ಝಡ್’ವರೆಗೆ ಎಣಿಸಿದರೆ ಅಕ್ಷರಗಳಷ್ಟೇ ಸಿಗುತ್ತವೆ ಎಂದು ಯಾರೋ ನಂಬುತ್ತಾರೆ, ಇನ್ನಾರೋ ಅದರ ಮೇಲೆ ಮತ್ತೊಂದು ಅಂತಸ್ತು ಕಟ್ಟುತ್ತಾರೆ. ಅಂಕಿಗಳು ಒಂದರ ಪಕ್ಕ ಒಂದು ಇರುತ್ತವೆಂದು ಸಿ ಭಾಷೆಯ ನಿಯಮ ಖಾತರಿ ಕೊಡುತ್ತದೆ. ಅಕ್ಷರಗಳ ಬಗ್ಗೆ ಅಂಥ ಖಾತರಿಯೇನೂ ಇಲ್ಲ. ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂದು ಯಾರೂ ಘೋಷಿಸಲಿಲ್ಲ. ಆದರೂ ಹೊಸ ಆವೃತ್ತಿಗಳು ಅಲ್ಲಿ ಸರಿಯಾಗಿ ಕಂಪೈಲ್ ಆಗಿ ಓಡದ ಸ್ಥಿತಿ ಬಂತು.

ಕಂಪೈಲ್ ಆಗದೆ ನಿಲ್ಲುವುದು ನನ್ನ ಲೆಕ್ಕದಲ್ಲಿ ದೊಡ್ಡ ಅಪಾಯವಲ್ಲ. ತಾಳೆಯಾಗದ ಟ್ರಯಲ್ ಬ್ಯಾಲೆನ್ಸ್ ತಾನಾಗಿಯೇ ಕೂಗಿ ಹೇಳುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ತಾಳೆಯಾದ ಟ್ರಯಲ್ ಬ್ಯಾಲೆನ್ಸೇ ಭಯಂಕರ. ಇಲ್ಲೂ ಹಾಗೆಯೇ: ಕಟ್ಟಡ ನಿಂತಿತು, ಓಡಿತು, ಆದರೆ ಹುಡುಕಾಟದಲ್ಲಿ ‘ಐ’ ಮತ್ತು ‘ಜೆ’ ನಡುವಿನ ಕಸವೂ ಅಕ್ಷರವೆಂದು ಲೆಕ್ಕಕ್ಕೆ ಬಂದರೆ ಆ ವರದಿಗೆ ಸಹಿ ಹಾಕುವವರು ಯಾರು?

ದುರಸ್ತಿ 2015ರಲ್ಲಿ, 5.22ನೇ ಆವೃತ್ತಿಯಲ್ಲಿ ಕೈಗೂಡಿತು. ಝಡ್/ಓಎಸ್ ಯಂತ್ರದಲ್ಲಿ, 1047ರ ಪಟ್ಟಿಯೊಂದಿಗೆ, ಪರ್ಲ್ ಮತ್ತೆ ನೆಟ್ಟಗೆ ನಿಂತಿತು. ಹಿಂದಿನ ಆವೃತ್ತಿಯಲ್ಲಿದ್ದ ಅನೇಕ ದೋಷಗಳೂ ಹೋದವು. ಮಾಡಿದ ಕೆಲಸದಲ್ಲಿ ಮೋಡಿಯೇನಿಲ್ಲ. ಸಂಖ್ಯೆಯನ್ನು ನೇರವಾಗಿ ಬರೆದ ಕಡೆ ‘ಇದು ಅಕ್ಷರವೇ?’ ಎಂದು ಕೇಳುವ ಮ್ಯಾಕ್ರೋ ಇಡುವುದು, ಒಂದೊಂದು ಸಂಕೇತಪದ್ಧತಿಗೂ ಪ್ರತ್ಯೇಕ ಕೋಷ್ಟಕ ತಯಾರಿಸುವುದು, ಪರೀಕ್ಷೆಗಳನ್ನು ಒಂದೊಂದಾಗಿ ದಾಟಿಸುವುದು. ಸಾವಿರಾರು ವೋಚರುಗಳನ್ನು ಟಿಕ್ ಹಾಕಿದವರಿಗೆ ಈ ಕೆಲಸದ ಬೇಸರವೂ ಗೊತ್ತು, ಬೆಲೆಯೂ ಗೊತ್ತು.

ನಮ್ಮ ಕನ್ನಡಕ್ಕೂ ಇದರಲ್ಲಿ ಪಾಲಿದೆ. ಯೂನಿಕೋಡನ್ನು ಎಬ್ಸಿಡಿಕ್ ಯಂತ್ರಗಳಿಗೆ ಒಗ್ಗಿಸಲು ಯುಟಿಎಫ್-ಎಬ್ಸಿಡಿಕ್ ಎಂಬ ರೂಪವಿದೆ, ಪರ್ಲ್ ಅಲ್ಲಿ ಅದನ್ನೇ ಬಳಸುತ್ತದೆ. ಎಲ್ಲರೂ ಬಳಸುವ ಯುಟಿಎಫ್-8ರಲ್ಲಿ ನಮ್ಮ ‘ಕ’ ಮೂರು ಬೈಟ್ ಹಿಡಿಯುತ್ತದೆ. ಅದರಲ್ಲಿ ಅಳೆದು ನೋಡಿದರೆ ಅಲ್ಲೂ ಮೂರೇ, ಬೈಟುಗಳು ಮಾತ್ರ ಬೇರೆ. ಇನ್ನೊಂದು ಮಾತು, ಲೆಕ್ಕದವರಿಗಾಗಿ: ಆ ಯಂತ್ರಗಳು ಮೊತ್ತವನ್ನು ಒತ್ತಾಗಿ ತುಂಬಿಡುವಾಗ ಕೊನೆಯಲ್ಲಿ ಧನಕ್ಕೆ ‘ಸಿ’, ಋಣಕ್ಕೆ ‘ಡಿ’ ಎಂಬ ಗುರುತು ಇಡುತ್ತವೆ. ಕ್ರೆಡಿಟ್, ಡೆಬಿಟ್ ಎಂದು ನೆನಪಿಟ್ಟುಕೊಳ್ಳುವುದು ವಾಡಿಕೆ. ಬ್ಯಾಂಕಿನವರಿಗೆ ಗ್ರಾಹಕರ ಠೇವಣಿ ಯಾವ ಕಡೆ ಬರುತ್ತದೆಂದು ಗೊತ್ತಿದ್ದವರು ಇದಕ್ಕೆ ಮುಗುಳ್ನಗದೆ ಇರಲಾರರು.