ಬೇಕಂತ ಮಾಡಿದ್ದಲ್ಲ

ಅಡುಗೆಮನೆಯಲ್ಲಿ ಗಾಜಿನ ಲೋಟ ಒಡೆಯಿತು. ಸದ್ದು ಅಡಗುವ ಮುಂಚೆಯೇ, ಯಾರೂ ಏನೂ ಕೇಳದೆಯೇ, ಒಳಗಿನಿಂದ ಉತ್ತರ ಬಂತು: "ಬೇಕಂತ ಮಾಡಿದ್ದಲ್ಲಮ್ಮಾ!" ನನ್ನ ತಂಗಿಯ ಮಗನಿಗೆ ಐದು ವರ್ಷ. ಇಚ್ಛಾಸ್ವಾತಂತ್ರ್ಯದ ಬಗ್ಗೆ ಅವನಿಗೆ ಯಾರೂ ಪಾಠ ಮಾಡಿಲ್ಲ. ಆದರೂ ಕೈಜಾರಿ ಬಿದ್ದ ಲೋಟಕ್ಕೂ ಎತ್ತಿ ಹಾಕಿದ ಲೋಟಕ್ಕೂ ಏನು ವ್ಯತ್ಯಾಸ, ಬೆನ್ನಿಗೆ ಬೀಳುವ ಗುದ್ದು ಆ ವ್ಯತ್ಯಾಸದ ಮೇಲೆ ಹೇಗೆ ನಿಂತಿದೆ ಎಂಬುದು ಚೆನ್ನಾಗಿ ಗೊತ್ತು. ಚೂರು ಗುಡಿಸುತ್ತಾ ತಂಗಿ ಕೇಳಿದಳು: "ಬೇಕಂತ ಮಾಡಿದ್ದಲ್ಲ, ಸರಿ. ಗಾಜಿನ ಲೋಟಾನೇ ಬೇಕು ಅಂತ ಹಟ ಮಾಡಿದ್ದು ಯಾರು?" ಹುಡುಗ ಸುಮ್ಮನಾದ.

ಕೋರ್ಟಿನ ಕಾಗದದಲ್ಲಿ ಇದು 'ಉದ್ದೇಶಪೂರ್ವಕ' ಎಂದು ಕೋಟು ತೊಟ್ಟು ಬರುತ್ತದೆ. ಬಸ್ಸಿನಲ್ಲಿ, ಜಗಲಿಯಲ್ಲಿ, ಅಣ್ಣತಮ್ಮಂದಿರ ಜಗಳದಲ್ಲಿ ಮಾತ್ರ 'ಬೇಕಂತಲೇ'. ಬಿಡಿಸಿ ನೋಡಿ: ಬೇಕು, ಅಂತ, ಮೇಲೊಂದು ಒತ್ತು. ಯಾರೋ ಏನೋ ಅಂದದ್ದನ್ನು ವರದಿ ಮಾಡುವಾಗ ಬಳಸುವ 'ಅಂತ'ವೇ ಇಲ್ಲಿರುವುದೂ. ಅಂದರೆ ಬೇಕಂತಲೇ ಮಾಡಿದವನು ಮೊದಲು ತನ್ನೊಳಗೆ 'ಬೇಕು' ಅಂದುಕೊಂಡಿರಬೇಕು, ಆಮೇಲೆ ಕೈ ಎತ್ತಿರಬೇಕು. ಅಪರಾಧದ ಒಂದು ಇಡೀ ಸಿದ್ಧಾಂತವನ್ನು ಕನ್ನಡ ನಾಲ್ಕಕ್ಷರದಲ್ಲಿ ಕಟ್ಟಿಟ್ಟಿದೆ.

ತೊಡಕಿರುವುದು ಆ 'ಬೇಕು'ವಿನಲ್ಲೇ. ಬೇರೆ ಕ್ರಿಯಾಪದಗಳು ಆಳಿಗೊಂದು ವೇಷ ಹಾಕುತ್ತವೆ: ಬರೆಯುತ್ತೇನೆ, ಬರೆಯುತ್ತೀಯ, ಬರೆಯುತ್ತಾಳೆ. ಬೇಕು ಯಾರಿಗೂ ಬಗ್ಗುವುದಿಲ್ಲ. ನನಗೂ ಬೇಕು, ಮುಖ್ಯಮಂತ್ರಿಗೂ ಬೇಕು, ಬೀದಿನಾಯಿಗೂ ಬೇಕು. ಇನ್ನೂ ಒಂದು ಸಂಗತಿ. 'ನಾನು ಕಾಫಿ ಬೇಕು' ಅನ್ನಲು ಬರುವುದಿಲ್ಲ, 'ನನಗೆ ಕಾಫಿ ಬೇಕು' ಅನ್ನಬೇಕು. ಹಸಿವು, ನಿದ್ದೆ, ಜ್ವರ, ಕೋಪ ಬರುತ್ತವಲ್ಲ, ಹಾಗೆಯೇ ಬೇಕೂ ನನಗೆ ಬಂದು ತಗಲುತ್ತದೆ. ನಾನು ಮಾಡಿದ್ದಲ್ಲ. ಬರೀ 'ನಾನು ಬೇಕು' ಅಂದರಂತೂ ಅರ್ಥವೇ ಮಗುಚಿ, ಬೇರೆ ಯಾರಿಗೋ ನಾನು ಬೇಕಾದವನಾಗುತ್ತೇನೆ.

ಜರ್ಮನ್ ತತ್ತ್ವಜ್ಞಾನಿ ಶೋಪನ್‌ಹಾವರ್ 1839ರಲ್ಲಿ ನಾರ್ವೆಯ ವಿಜ್ಞಾನ ಸೊಸೈಟಿಯಿಂದ ಬಹುಮಾನ ಪಡೆದ ಪ್ರಬಂಧದ ತಿರುಳು ಇದೇ. ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯ ನಮಗಿರಬಹುದು. ಏನು ಬೇಕಾಗಬೇಕು ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ ಎಂಬುದು ಅವನ ವಾದ. ನಮ್ಮ ಚತುರ್ಥಿ ವಿಭಕ್ತಿ ಯಾವ ಬಹುಮಾನವೂ ಇಲ್ಲದೆ ಇದನ್ನು ಹೇಳಿಕೊಂಡು ಬಂದಿದೆ. ವ್ಯಾಕರಣವನ್ನು ಹಿಂಡಿ ತತ್ತ್ವದ ರಸ ತೆಗೆಯುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ತಮಿಳರೂ ಮಲಯಾಳಿಗಳೂ 'ನನಗೆ ಬೇಕು' ಎಂದೇ ಹೇಳುತ್ತಾರೆ, ಹಾಗಂತ ಅವರಾರೂ ಹಣೆಬರಹ ನಂಬಿ ಕೈಕಟ್ಟಿ ಕೂತಿಲ್ಲ. ಆದರೆ ಕನ್ನಡದಲ್ಲಿ ಯೋಚಿಸುವವನಿಗೆ ಶೋಪನ್‌ಹಾವರ್ ಆಘಾತವೇನೂ ಕೊಡುವುದಿಲ್ಲ. ಗೊತ್ತಿದ್ದದ್ದೇ, ಅನ್ನಿಸುತ್ತದೆ.

"ಈ ಶನಿವಾರ ಊರಿಗೆ ಹೋಗಬೇಕು." ಆಸೆಯೋ, ತಲೆಬೇನೆಯೋ? ಹೇಳುವವರ ಮುಖ ನೋಡದೆ ತಿಳಿಯುವುದಿಲ್ಲ. ಜಾತ್ರೆಗೆ ಹೋಗುವವರೂ ಜಮೀನಿನ ಖಟ್ಲೆಗೆ ಹೋಗುವವರೂ ಅದೇ ಮಾತನ್ನೇ ಆಡುತ್ತಾರೆ. ಬಿಡಿಸಿ ಹೇಳಬೇಕೆಂದರೆ 'ಹೋಗಬೇಕು ಅಂತಿದೆ', 'ಹೋಗಲೇಬೇಕಾಗಿದೆ' ಎಂದು ಬಾಲ ಸೇರಿಸಿಕೊಳ್ಳುತ್ತೇವೆ. ಬೇಡುವುದೂ ಬೇಡಿಕೆಯೂ ಹಳಗನ್ನಡದಲ್ಲಿ ಪ್ರೇಮಕ್ಕೆ ಇದ್ದ 'ಬೇಟ' ಎಂಬ ಹೆಸರೂ ಇದೇ ಮನೆತನದವು. ತುಳುವಿನ 'ಬೋಡು', ತಮಿಳಿನ 'ವೇಣ್ಡುಂ' ದಾಯಾದಿಗಳು. ಒಲವು, ಭಿಕ್ಷೆ, ಬಲವಂತ ಮೂರನ್ನೂ ಒಂದೇ ಬೇರಿನಲ್ಲಿ ಬೆಳೆಸಿದವರು ಮನುಷ್ಯರನ್ನು ಚೆನ್ನಾಗಿಯೇ ನೋಡಿದ್ದರು.

ನನ್ನ ಗೆಳೆಯನೊಬ್ಬ ಸಿಗರೇಟು ಬಿಡಲು ಹೊರಟು ಆರು ವರ್ಷವಾಯಿತು. ಒಂದು ಸಂಜೆ ಪೆಟ್ಟಿಗೆ ಅಂಗಡಿಯ ಮುಂದೆ ನಿಂತು, ಜೇಬಿನಲ್ಲಿ ಚಿಲ್ಲರೆ ಎಣಿಸುತ್ತಲೇ ಹೇಳಿದ: "ಬೇಕು ಅನ್ನಿಸತ್ತೆ ಕಣೋ. ಆದ್ರೆ ಹಾಗೆ ಬೇಕು ಅನ್ನಿಸೋದೇ ನಂಗೆ ಬೇಡವಾಗಿದೆ." ಅಮೆರಿಕದ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಒಂದು ಲೇಖನದಲ್ಲಿ ಇದೇ ಮಾತನ್ನು ಬೆಳೆಸಿದ. ಆಸೆ ಪ್ರಾಣಿಗಳಿಗೂ ಇದೆ. ಆಸೆಯ ಬಗ್ಗೆ ಆಸೆ, ಅಂದರೆ ಇಂಥ ಆಸೆ ನನ್ನನ್ನು ನಡೆಸಲಿ, ಇಂಥದ್ದು ಬೇಡ ಎಂಬ ಎರಡನೇ ಅಂತಸ್ತಿನ ಬಯಕೆ, ಮನುಷ್ಯ ವ್ಯಕ್ತಿಯ ಗುರುತು ಅಂದ. ಆ ಮಹಡಿಯೇ ಇಲ್ಲದೆ, ಹೊತ್ತಿಗೆ ಬಂದ ಆಸೆ ಎಳೆದತ್ತ ಹೋಗುವವನಿಗೆ ಅವನು ಬೇರೆ ಹೆಸರು ಹುಡುಕಿದ. ನಮ್ಮಲ್ಲಿ ಆ ಹೆಸರು ಸಿದ್ಧವಾಗಿದೆ: ಬೇಕಾಬಿಟ್ಟಿ. ಅದರ ಮೊದಲರ್ಧದಲ್ಲಿ 'ಬೇಕು' ಎದ್ದು ಕಾಣುತ್ತದೆ. ಉಳಿದರ್ಧ 'ಬಿಡು'ವಿನದೇ ಇರಬೇಕೆಂದು ನನ್ನ ಊಹೆ. ಬೇಕಾಬಿಟ್ಟಿ ಬದುಕುವವನಿಗೆ ಬೇಕುಗಳು ಕಡಿಮೆಯೇನಿಲ್ಲ, ಅವನ್ನು ನಿಲ್ಲಿಸಿ ಕೇಳುವವರು ಮಾತ್ರ ಮನೆಯಲ್ಲಿಲ್ಲ. ಗೆಳೆಯ ಆ ಸಂಜೆ ಒಂದು ಸಿಗರೇಟು ಕೊಂಡ, ಸೇದಿದ. ಸೋತ, ನಿಜ. ಆದರೂ ಅವನನ್ನು ಬೇಕಾಬಿಟ್ಟಿ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಇನ್ನು 'ಬೇಡ'. ಹಬ್ಬದ ಊಟದಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ" ಅನ್ನುವ ನೆಂಟರನ್ನು ನೋಡಿದ್ದೀರಿ. ಬಡಿಸುವವರು ಬೆರಳ ಸಂದಿಯಲ್ಲೇ ಹೋಳಿಗೆ ಇಳಿಸುತ್ತಾರೆ. ಅಲ್ಲಿ ಬೇಡಕ್ಕೆ ಬೆಲೆಯಿಲ್ಲ. ಪ್ರಯೋಗಶಾಲೆಯಲ್ಲಿ ಅದಕ್ಕೆ ಭಾರೀ ಬೆಲೆ ಬಂದದ್ದು 1983ರಲ್ಲಿ. ಬೆಂಜಮಿನ್ ಲಿಬೆಟ್ ಎಂಬ ನರವಿಜ್ಞಾನಿ ಜನರನ್ನು ಕೂರಿಸಿ, 2.56 ಸೆಕೆಂಡಿಗೊಮ್ಮೆ ಸುತ್ತುವ ಚುಕ್ಕೆಯೊಂದನ್ನು ತೋರಿಸಿ, ಮನಸ್ಸು ಬಂದಾಗ ಮಣಿಕಟ್ಟು ಆಡಿಸಿ ಅಂದ. 'ಈಗ ಆಡಿಸಬೇಕು' ಅನ್ನಿಸಿದಾಗ ಚುಕ್ಕೆ ಎಲ್ಲಿತ್ತೆಂದು ಹೇಳಬೇಕು. ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು ಜನರಿಗೆ 'ಬೇಕು' ಅನ್ನಿಸಿತ್ತು. ಮಿದುಳಿನ ವಿದ್ಯುತ್ ಸಿದ್ಧತೆಯೋ ಸುಮಾರು 550 ಮಿಲಿಸೆಕೆಂಡ್ ಮೊದಲೇ ಶುರುವಾಗಿತ್ತು! ಮಿದುಳು ಹೊರಟ ಮೇಲೆ 'ನಾನು ಹೊರಟೆ' ಅಂತ ನಾವು ಹೇಳಿಕೊಳ್ಳುತ್ತೇವೆಯೇ? ಹಾಗಾದರೆ ಬೇಕಂತಲೇ ಎಂಬ ಮಾತಿನ ಒಳಗಿನ 'ಅಂತ' ಸುಳ್ಳು ಸಾಕ್ಷಿಯೇ?

ಲಿಬೆಟ್ ಆ ಕೊನೆಯ ಘಳಿಗೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದ. ಬೇಕು ಎಲ್ಲಿಂದಲೋ ಏಳಲಿ, ಕೈ ಆಡುವ ಮುಂಚೆ ಬೇಡ ಅನ್ನಲು ಹೊತ್ತಿದೆ ಎಂಬುದು ಅವನ ನಿಲುವು. ಆ 'ಬೇಡ' ಮಾತ್ರ ಮಿದುಳಿನ ಸಿದ್ಧತೆಯಿಲ್ಲದೆ ಆಕಾಶದಿಂದ ಉದುರುತ್ತದೆಯೇ ಎಂದು ಟೀಕಾಕಾರರು ಕೇಳಿದರು, ನ್ಯಾಯವಾಗಿಯೇ. 2012ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು, ಲಿಬೆಟ್ ಕಂಡ ಆ ವಿದ್ಯುತ್ ಸಿದ್ಧತೆ ನಿರ್ಧಾರವೇ ಅಲ್ಲ, ಮಿದುಳಿನ ಸದಾಕಾಲದ ಏರಿಳಿತ ಗೆರೆ ದಾಟುವ ಹೊತ್ತಿಗೆ ಹಾಗೆ ಕಾಣುತ್ತದೆ ಅಂದರು. ಜಗಳ ಮುಗಿದಿಲ್ಲ. ನನಗಂತೂ ಸುಮ್ಮನೆ ಮಣಿಕಟ್ಟು ಆಡಿಸುವ ಕೆಲಸವನ್ನು ನಂಬಿ ಮನುಷ್ಯನ ಸ್ವಾತಂತ್ರ್ಯ ತೂಗಿದ್ದೇ ವಿಚಿತ್ರ ಅನ್ನಿಸುತ್ತದೆ. ಅದು ಬೇಕಂತಲೇ ಮಾಡಿದ ಕೆಲಸವಲ್ಲ, ಬೇಕಾಬಿಟ್ಟಿ ಕೆಲಸ. ಗೆಳೆಯನ ಆರು ವರ್ಷವನ್ನು ಯಾವ ಚುಕ್ಕೆಯ ಗಡಿಯಾರದಲ್ಲಿ ಅಳೆಯುವುದು?

ಕೆಲಸ ಕೆಟ್ಟ ಮೇಲೆ ನಾವು ಹಣೆ ಚಚ್ಚಿಕೊಳ್ಳುವ ಮಾತು 'ಬೇಕಿತ್ತಾ ನನಗೆ ಇದು?' ಬೇಕಿತ್ತು, ಅದಕ್ಕೇ ಮಾಡಿದ್ದು. ಆದರೆ ಬೇಕಾಗಿದ್ದದ್ದು ನಿನ್ನೆಯ ನನಗೆ, ಸಾಲ ತೀರಿಸುವುದು ಇವತ್ತಿನ ನಾನು. ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ರಷ್ಯದ ಒಬ್ಬ ತರುಣ ಶ್ರೀಮಂತನನ್ನು ಕಲ್ಪಿಸಿದ್ದಾನೆ. ಕೆಲವು ವರ್ಷಗಳ ಮೇಲೆ ಅವನಿಗೆ ದೊಡ್ಡ ಆಸ್ತಿ ಬರಲಿದೆ. ಅದನ್ನು ರೈತರಿಗೆ ಕೊಡಬೇಕೆಂಬುದು ಅವನ ಆದರ್ಶ, ವಯಸ್ಸಾದಂತೆ ಮನಸ್ಸು ತಿರುಗೀತು ಎಂಬುದು ಅವನ ಭಯ. ದಾನಪತ್ರ ಈಗಲೇ ಬರೆದು, ಹೆಂಡತಿ ಒಪ್ಪದೆ ಅದು ರದ್ದಾಗದಂತೆ ಮಾಡಿ, "ಮುಂದೆ ನಾನೇ ಬಂದು ಕೇಳಿದರೂ ಒಪ್ಪಬೇಡ, ಕೇಳುವವನು ನಾನಾಗಿರುವುದಿಲ್ಲ" ಅಂತ ಮಾತು ತೆಗೆದುಕೊಳ್ಳುತ್ತಾನೆ. ನಡುವಯಸ್ಸಿನಲ್ಲಿ ಅವನು ಬಂದು ಕೇಳಿಯೇ ಕೇಳುತ್ತಾನೆ. ಆಕೆ ಯಾವ ಗಂಡನ ಬೇಕನ್ನು ನಡೆಸಬೇಕು?

ಈ ಕಥೆ ಓದಿದಾಗ ಬರೀ ಬುದ್ಧಿಯ ಕಸರತ್ತು ಅಂದುಕೊಂಡಿದ್ದೆ, ಹೋದ ಮಳೆಗಾಲದಲ್ಲಿ ದೊಡ್ಡಮ್ಮನ ಮನೆಗೆ ಹೋಗುವವರೆಗೆ. ದೊಡ್ಡಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿ ಐವತ್ತು ವರ್ಷದ ಮೇಲಾಗಿತ್ತು. ಯಾರ ಬಲವಂತವೂ ಅಲ್ಲ, "ನಂಗೇ ಬೇಡ ಅನ್ನಿಸ್ತು, ಬಿಟ್ಟೆ" ಅನ್ನುತ್ತಿದ್ದರು. ಮದುವೆಮನೆಯಲ್ಲಿ ಅಡುಗೆ ಭಟ್ಟರನ್ನು ಕೇಳದೆ ಎಲೆ ಮುಂದೆ ಕೂತವರಲ್ಲ. ಈಗ ಮರೆವಿನ ಕಾಯಿಲೆ. ನನ್ನನ್ನು ಒಮ್ಮೆ ನನ್ನ ಅಪ್ಪನ ಹೆಸರಿನಿಂದ ಕರೆಯುತ್ತಾರೆ, ಒಮ್ಮೆ ಕರೆಂಟಿನವರು ಅಂದುಕೊಳ್ಳುತ್ತಾರೆ. ಆ ಸಂಜೆ ಅತ್ತಿಗೆ ಮಕ್ಕಳಿಗೆ ಈರುಳ್ಳಿ ಬಜ್ಜಿ ಕರಿಯುತ್ತಿದ್ದರು. ದೊಡ್ಡಮ್ಮ ಗೋಡೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಏನದು, ಇಷ್ಟು ಘಮ್ ಅಂತಿದೆ? ನಂಗೂ ಬೇಕು."

ಅಣ್ಣ ಎದ್ದು ಬಂದ. "ಬೇಡ, ಕೊಡಬೇಡ. ನೆನಪಿದ್ದಿದ್ರೆ ಅಮ್ಮ ನಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ರು."

"ನೆನಪಿಲ್ವಲ್ಲ," ಅತ್ತಿಗೆ ಅಂದರು. "ಕೇಳ್ತಿರೋದು ಇವರು."

ನೆನಪು ಎಲ್ಲಿಯವರೆಗೆ ಹಿಂದಕ್ಕೆ ಚಾಚುತ್ತದೋ ಅಲ್ಲಿಯವರೆಗೆ ಮಾತ್ರ ಅದೇ ವ್ಯಕ್ತಿ ಎಂದು ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ಬರೆದ. ಆ ಲೆಕ್ಕದಲ್ಲಿ ಬಾಗಿಲಲ್ಲಿ ನಿಂತಿದ್ದ ಹೆಂಗಸು ಈರುಳ್ಳಿ ಬಿಟ್ಟವರೇ ಅಲ್ಲ. ಅಣ್ಣನಿಗೆ ಲಾಕ್ ಹೇಳಿ ಏನು ಪ್ರಯೋಜನ? ಅವನ ಕಣ್ಣ ಮುಂದಿದ್ದದ್ದು ಅಮ್ಮ. ಜಾಲರಿ ಸೌಟು ಬಾಣಲೆಯ ಮೇಲೆ ಹಾಗೇ ನಿಂತಿತು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಅತ್ತಿಗೆ ಸ್ಟೀಲ್ ತಟ್ಟೆಗೆ ಎರಡು ಬಜ್ಜಿ ಹಾಕಿ, ಆರಲೆಂದು ಊದಿ, ದೊಡ್ಡಮ್ಮನ ಕೈಗಿತ್ತರು. ದೊಡ್ಡಮ್ಮ ಒಂದನ್ನು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಆಮೇಲೆ ತಟ್ಟೆಯನ್ನು ಅಣ್ಣನ ಕಡೆ ಚಾಚಿದರು.

"ಯಾಕೆ ಹಂಗೆ ನಿಂತಿದ್ದೀಯಪ್ಪ? ನಿಂಗೂ ಬೇಕಾ?"