ಗಾಯಗೊಂಡ ಚಿಗರಿ ಕಂಡರೆ: ನಾಯಿ, ಡ್ರೋನ್ ಬಳಸಬಹುದೇ?

ಸೊಲ್ಲಾಪುರ ಸುತ್ತಲಿನ ಬಯಲು ಚಿಗರಿಗಳ ನೆಲೆ. ಮರಾಠಿಯಲ್ಲಿ ಕಾಳವೀಟ, ಪುಸ್ತಕದಲ್ಲಿ ಕೃಷ್ಣಮೃಗ. 1979ರಲ್ಲಿ ಘೋಷಣೆಯಾದ ನಾನ್ನಜದ ಮಾಳಢೋಕ ಪಕ್ಷಿಧಾಮದಲ್ಲಷ್ಟೇ ಅಲ್ಲ, ಹೊಲಗಳಲ್ಲೂ ಅವು ಮೇಯುತ್ತವೆ. ಚಿಂಚೋಳಿ ಎಂಐಡಿಸಿಯಲ್ಲಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಬರುವ ನಮ್ಮವರಿಗೆ ವಾಹನ ಬಡಿದು ಕುಂಟುವ ಚಿಗರಿ ಎದುರಾಗಬಹುದು. ಅದು ಪೊದೆಗೆ ನುಗ್ಗಿ ಮರೆಯಾದರೆ ಏನು ಮಾಡಬೇಕು?

ಜರ್ಮನಿಯಂಥ ದೇಶಗಳಲ್ಲಿ ಗುಂಡು ತಗುಲಿ ಓಡಿದ ಪ್ರಾಣಿಯನ್ನು ತರಬೇತಾದ ನಾಯಿಯಿಂದ ಹುಡುಕಿಸುವುದು ಬೇಟೆಯ ನಿಯಮದ ಭಾಗ. ನಮ್ಮಲ್ಲಿ ಬೇಟೆಯೇ ನಿಷಿದ್ಧವಾದ್ದರಿಂದ ನಿಯಮವೂ ಬೇರೆ.

ನಾಯಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ನಾಯಿ ಬಿಟ್ಟು ಅಟ್ಟುವುದು, ಬೆದರಿಸಿ ಓಡಿಸುವುದು, ಇವುಗಳ ಯತ್ನವೂ ಬೇಟೆಯೇ. ಚಿಗರಿ ಮೊದಲ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಸಜೆ, ಕನಿಷ್ಠ 25,000 ರೂಪಾಯಿ ದಂಡ. ಕಾಯ್ದೆ ಇಲ್ಲದಿದ್ದರೂ ನಾಯಿ ಬಿಡಬಾರದು: ಅಟ್ಟಿಸಿಕೊಂಡ ಚಿಗರಿ ಗಾಯದಿಂದಲ್ಲ, ಅತಿಯಾದ ಭಯ ಮತ್ತು ಓಟದಿಂದ ಸ್ನಾಯು ಕೆಟ್ಟು ಸಾಯಬಹುದು.

ಡ್ರೋನ್: 2021ರ ಡ್ರೋನ್ ನಿಯಮಗಳಂತೆ ನೋಂದಣಿ ಸಂಖ್ಯೆ ಬೇಕು. ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಮಾತ್ರ ಹಾರಾಟ. ವಿಮಾನ ನಿಲ್ದಾಣದ ಹತ್ತಿರ ಮಿತಿ ಇನ್ನೂ ಕಡಿಮೆ. ಆದ್ದರಿಂದ ಡಿಜಿಟಲ್ ಸ್ಕೈ ನಕಾಶೆ ನೋಡಿಯೇ ಹಾರಿಸಬೇಕು. ಡ್ರೋನ್ ಅನುಮತಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಬೆದರಿಸುವ ಹಕ್ಕು ಬರುವುದಿಲ್ಲ. ಪಕ್ಷಿಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿಯೂ ಬೇಕು. ಹುಡುಕಾಟಕ್ಕೆ ನಾಯಿಯೋ ಡ್ರೋನೋ ಬೇಕೆಂದರೆ ಆ ತೀರ್ಮಾನ ಇಲಾಖೆಯದು.

ನಾವು ಮಾಡಬೇಕಾದದ್ದು ಇಷ್ಟು:

• ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗದ ಗುರುತು ಹೇಳುವುದು.
• ದೂರ ನಿಂತು, ಪ್ರಾಣಿ ಹೋದ ದಿಕ್ಕು ಗಮನಿಸುವುದು.
• ಜನ ಸೇರದಂತೆ, ಬೀದಿನಾಯಿ ಹತ್ತಿರ ಬಾರದಂತೆ ನೋಡಿಕೊಳ್ಳುವುದು.
• ಬಾಯಿಗೆ ನೀರು ಸುರಿಯದಿರುವುದು, ಗಾಡಿಯಲ್ಲಿ ಮನೆಗೆ ಒಯ್ಯದಿರುವುದು.

ಚಿಗರಿ ಸತ್ತರೂ ಅದು ಸರ್ಕಾರದ ಸ್ವತ್ತು. ಯಾವುದೇ ಕಾರಣಕ್ಕೆ ಅದು ನಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ಕೊಂಬು, ಚರ್ಮ ಇಟ್ಟುಕೊಳ್ಳುವಂತಿಲ್ಲ.

ಉಳಿಸಲು ಹೋದವರೇ ಅದನ್ನು ಓಡಿಸಿ ಕೊಲ್ಲುವಂತಾಗಬಾರದು. ಸಂಖ್ಯೆ 1926 ನಿಮ್ಮ ಮೊಬೈಲ್‌ನಲ್ಲಿರಲಿ, ಜೊತೆಯ ಕೆಲಸಗಾರರಿಗೂ ತಿಳಿಸಿ.