ಮೆಸ್ಸೀಯನ ಮರಣ ಮತ್ತು ಸಮಾಧಿ: ಪ್ರವಾದನೆಗಳನ್ನು ಧರ್ಮಸಭೆ ಓದುವ ರೀತಿ

ಶುಭ ಶುಕ್ರವಾರದ ದೈವಾರಾಧನೆಯಲ್ಲಿ ಪ್ರತಿವರ್ಷ ನಾವು ಕೇಳುವ ಮೊದಲನೆಯ ವಾಚನ ಪ್ರವಾದಿ ಯೆಶಾಯನ ಗ್ರಂಥದ್ದು (52:13 - 53:12). ಸರ್ವೇಶ್ವರನ ದಾಸನೊಬ್ಬನು ಇತರರ ಪಾಪದ ಹೊರೆ ಹೊತ್ತು, ಎದುರಾಡದೆ ಸಾವಿಗೀಡಾಗುವ ಚಿತ್ರಣ ಅದು. 53:9ರಲ್ಲಿ ಅವನ ಸಮಾಧಿಯ ಮಾತು ಬರುತ್ತದೆ: ಅವನಿಗೆ ಗೋರಿ ದುಷ್ಟರ ಸಂಗಡ, ಸಾವಿನಲ್ಲಿ ಅವನು ಐಶ್ವರ್ಯವಂತನ ಸಂಗಡ. ಕೇಳಿದ ಕೂಡಲೇ ನಮಗೆ ಅರಿಮಥಾಯದ ಜೋಸೆಫನ ನೆನಪಾಗುತ್ತದೆ.

ತಪಸ್ಸುಕಾಲದಲ್ಲಿ ಕೈಯಿಂದ ಕೈಗೆ ಹೋಗುವ 'ಈಡೇರಿದ ಪ್ರವಾದನೆಗಳ' ಪಟ್ಟಿಗಳಲ್ಲಿ ಈ ವಚನವೂ ಇರುತ್ತದೆ. ಪಟ್ಟಿ ಓದಿ ಸಂತೋಷಪಟ್ಟ ಯುವಕನೊಬ್ಬ ಮುಂದೊಂದು ದಿನ ಮೂಲ ಗ್ರಂಥವನ್ನು ತೆರೆದು ನೋಡಿದರೆ ಅಲ್ಲಿ ವಿಷಯ ಅಷ್ಟು ಸರಳವಾಗಿಲ್ಲ. ಆಗ ಅವನು ಪಟ್ಟಿಯ ಜೊತೆಗೆ ವಿಶ್ವಾಸವನ್ನೂ ಕಳೆದುಕೊಳ್ಳಬಾರದು ಎಂಬುದು ನಮ್ಮ ಕಾಳಜಿ.

ಹಿಬ್ರೂ ಕಾವ್ಯದಲ್ಲಿ ಒಂದೇ ವಿಚಾರವನ್ನು ಎರಡು ಸಾಲುಗಳಲ್ಲಿ ಹೇಳುವ ವಾಡಿಕೆಯಿದೆ. ಆದುದರಿಂದ ಇಲ್ಲಿ 'ದುಷ್ಟರು' ಮತ್ತು 'ಐಶ್ವರ್ಯವಂತ' ಒಂದೇ ಸಾಲಿಗೆ ಸೇರಿದವರು, ಬಡವರನ್ನು ಹಿಂಡಿದ ಸಿರಿವಂತರ ಮಾತು ಇದು, ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಅದು ಗೌರವದ ಸಮಾಧಿಯಲ್ಲ, ಕೊನೆಯ ಅವಮಾನ. ಈ ವಚನವನ್ನು ಕ್ರೈಸ್ತರು ಆಮೇಲೆ ಸೇರಿಸಿದರೆಂಬ ಸಂಶಯಕ್ಕಂತೂ ಎಡೆಯಿಲ್ಲ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ 1947ರ ಸುಮಾರಿಗೆ ದೊರೆತ ಯೆಶಾಯನ ಸುರುಳಿ ಕ್ರಿಸ್ತಜನನಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಈ ಅಧ್ಯಾಯ ಅದರಲ್ಲಿದೆ.

ಈಗ ಶುಭಸಂದೇಶಗಳಿಗೆ ಬರೋಣ. ಮಾರ್ಕನು ಜೋಸೆಫನನ್ನು ನ್ಯಾಯಸಭೆಯ ಗೌರವಾನ್ವಿತ ಸದಸ್ಯನೆನ್ನುತ್ತಾನೆ. ಲೂಕನು ಅವನು ಸತ್ಪುರುಷ, ಸಭೆಯ ತೀರ್ಮಾನಕ್ಕೆ ಒಪ್ಪದವನು ಎನ್ನುತ್ತಾನೆ. ಯೊವಾನ್ನನ ಪ್ರಕಾರ ಅವನು ಹೆದರಿ ಗುಟ್ಟಾಗಿದ್ದ ಶಿಷ್ಯ. ಐಶ್ವರ್ಯವಂತನೆಂದು ಹೇಳಿದವನು ಮತ್ತಾಯನೊಬ್ಬನೇ (27:57). ಆದರೆ ಮಾತುಮಾತಿಗೆ 'ಪ್ರವಾದಿಯ ಮಾತು ನೆರವೇರಿತು' ಎನ್ನುವ ಅದೇ ಮತ್ತಾಯ ಇಲ್ಲಿ ಯೆಶಾಯನ ಹೆಸರೆತ್ತುವುದಿಲ್ಲ! ಅವನೇ ಮೌನವಾಗಿರುವಲ್ಲಿ ನಾವು ಜಯಘೋಷ ಮಾಡುವುದು ಬೇಡ.

ಸಮಾಧಿಯ ಘಟನೆ ನಿಂತಿರುವುದು ಈ ಒಂದು ವಚನದ ಮೇಲಲ್ಲ. ಮರಕ್ಕೆ ತೂಗುಹಾಕಿದ ಶವವನ್ನು ಅದೇ ದಿನ ಹೂಳಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ (21:22-23). ರೋಮನರು ಶಿಲುಬೆಗೇರಿಸಿದವರ ಶವಗಳನ್ನು ಅಲ್ಲೇ ಬಿಡುತ್ತಿದ್ದುದುಂಟು. ಆದರೂ 1968ರಲ್ಲಿ ಜೆರುಸಲೇಮಿನಲ್ಲಿ ಮೊದಲನೆಯ ಶತಮಾನದ ಒಂದು ಅಸ್ಥಿಪೆಟ್ಟಿಗೆ ಸಿಕ್ಕಿತು. ಅದರೊಳಗಿನ ಹಿಮ್ಮಡಿ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಶಿಲುಬೆಗೇರಿದವನಿಗೂ ಕುಟುಂಬದ ಸಮಾಧಿ ದೊರೆಯುವುದು ಸಾಧ್ಯವಿತ್ತು ಎಂಬುದಕ್ಕೆ ಇದು ಸಾಕ್ಷಿ.

ಸಂತ ಪೇತ್ರರು ಪಂಚಾಶತ್ತಮ ದಿನದಂದು ಆಯ್ದುಕೊಂಡದ್ದು ಯೆಶಾಯನನ್ನಲ್ಲ, 16ನೇ ಕೀರ್ತನೆಯನ್ನು (ಪ್ರೇಷಿತರ ಕಾರ್ಯಕಲಾಪಗಳು 2:25-31). ಹಿಬ್ರೂವಿನಲ್ಲಿ 'ಗುಂಡಿ' ಎಂದು ಅರ್ಥವಾಗಬಲ್ಲ ಪದವನ್ನು ಹಳೆಯ ಗ್ರೀಕ್ ಅನುವಾದ 'ಕೊಳೆಯುವಿಕೆ' ಎಂದು ತಿರುಗಿಸಿದೆ. ದಾವೀದನ ಸಮಾಧಿ ಇಂದಿಗೂ ನಮ್ಮೂರಿನಲ್ಲಿದೆ, ಆದುದರಿಂದ ಈ ಮಾತು ಅವನ ಸಂತಾನದಲ್ಲಿ ಬರುವ ಮೆಸ್ಸೀಯನದು ಎಂಬುದು ಪೇತ್ರರ ವಾದ. ಪುನರುತ್ಥಾನವನ್ನು ಕಂಡವರು ಆ ಬೆಳಕಿನಲ್ಲಿ ಹಳೆಯ ಕೀರ್ತನೆಗೆ ಹಿಂದಿರುಗಿದರು. ಎಮ್ಮಾವುಸಿನ ಹಾದಿಯಲ್ಲಿಯೂ ಧರ್ಮಗ್ರಂಥವನ್ನು ಬಿಡಿಸಿ ಹೇಳಿದವರು ಪುನರುತ್ಥಾನರಾದ ಯೇಸುವೇ.

ಯೆಹೂದ್ಯರು ಈ ದಾಸನನ್ನು ಬೇರೆಯಾಗಿ ಓದುತ್ತಾರೆ. ಹನ್ನೊಂದನೆಯ ಶತಮಾನದ ರಾಶಿಯಂಥ ವ್ಯಾಖ್ಯಾನಕಾರರಿಗೆ ಅವನು ಯಾತನೆಪಟ್ಟ ಇಸ್ರಯೇಲ್ ಜನಾಂಗ. ಇದು ಹಟದ ಮಾತಲ್ಲ, ಯೆಶಾಯ 49:3ರಲ್ಲಿ ದಾಸನನ್ನು ಇಸ್ರಯೇಲ್ ಎಂದೇ ಕರೆಯಲಾಗಿದೆ. ಪರಮಾಚಾರ್ಯಪೀಠದ ಬೈಬಲ್ ಆಯೋಗವು 2001ರಲ್ಲಿ ಪ್ರಕಟಿಸಿದ ದಸ್ತಾವೇಜಿನಲ್ಲಿ ಯೆಹೂದ್ಯರ ಓದುವಿಕೆಯೂ ಸಾಧ್ಯವಾದದ್ದೇ ಎಂದು ಒಪ್ಪಿಕೊಂಡಿದೆ. ಪ್ರವಾದನೆಗಳನ್ನು ಮುಂದಾಗುವ ಘಟನೆಗಳ ಛಾಯಾಚಿತ್ರಗಳೆಂದು ಭಾವಿಸುವುದು ತಪ್ಪೆಂದೂ ತಿಳಿಸಿದೆ. ಅದಕ್ಕೆ ಮುನ್ನುಡಿ ಬರೆದವರು ಮುಂದೆ ಜಗದ್ಗುರು 16ನೇ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಜಿಂಗರ್. 'ಗ್ರಂಥ ಕೈಯಲ್ಲಿದ್ದೂ ಅವರು ಕುರುಡರಾದರು' ಎಂದು ಶುಭ ಶುಕ್ರವಾರ ಪ್ರಬೋಧಿಸುವವರು ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ಘೋಷಣೆಯನ್ನೂ ಓದಬೇಕು. ಯೇಸುವಿನ ಮರಣದ ದೋಷವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲೀ ಇಂದಿನವರ ಮೇಲಾಗಲೀ ಹೊರಿಸಬಾರದೆಂದು ಅದು ಸ್ಪಷ್ಟವಾಗಿ ಬೋಧಿಸುತ್ತದೆ.

ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಈ ವಿಷಯ ಬಂದಾಗ ಪ್ರೇಷಿತರ ಕಾರ್ಯಕಲಾಪಗಳು 8:26-40 ಅನ್ನು ಓದಿಸುವುದು ಒಳ್ಳೆಯದು. ರಥದಲ್ಲಿ ಕುಳಿತು ಇದೇ 53ನೇ ಅಧ್ಯಾಯವನ್ನು ಓದುತ್ತಿದ್ದ ಎಥಿಯೋಪಿಯಾದ ಅಧಿಕಾರಿ, ಪ್ರವಾದಿ ಹೇಳುತ್ತಿರುವುದು ತನ್ನ ಬಗ್ಗೆಯೋ ಮತ್ತೊಬ್ಬನ ಬಗ್ಗೆಯೋ ಎಂದು ಕೇಳುತ್ತಾನೆ. ಫಿಲಿಪ್ಪನು ಅವನ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ರಥವನ್ನೇರಿ ಪಕ್ಕದಲ್ಲಿ ಕುಳಿತು, ಅದೇ ವಾಕ್ಯದಿಂದ ಆರಂಭಿಸಿ ಯೇಸುವಿನ ವಿಷಯವನ್ನು ತಿಳಿಸಿದನು.